ದಫೇದಾರನಿಗೆ ವಯಸ್ಸಾಯಿತು

ನಮ್ಮ ಮನೆಯಲ್ಲಿ ಅಡುಗೆಯಾದ ಮೇಲೆ ಮೊದಲ ತುತ್ತು ನನ್ನದಲ್ಲ ಎಂದು ಹೇಳಿಕೊಳ್ಳಲು ನನಗೆ ಈಗ ನಾಚಿಕೆಯಿಲ್ಲ. ಮೊದಮೊದಲು ಇತ್ತು. ಬೆಳಗಿನಿಂದ ಮಿಡ್ಲ್ ಸ್ಕೂಲಿನಲ್ಲಿ ಹುಡುಗರನ್ನು ಗದರಿಸಿ ಬಂದ ಮೇಷ್ಟ್ರು, ಪಂಚೆ ಎತ್ತಿ ಕಟ್ಟಿ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಸಿ ಅನ್ನಕ್ಕೆ ಹಾಲು ಹುಯ್ದು, ಅಗುಳು ಉಳಿಯದ ಹಾಗೆ ಬೆರಳಲ್ಲಿ ಕಿವುಚಿ, ಆರಿತೋ ಇಲ್ಲವೋ ಎಂದು ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ, ಆಮೇಲೆ ಒಂದು ಮುದಿ ಬೆಕ್ಕಿನ ಮುಂದೆ ಹಿಡಿದು "ತಗೊಳ್ಳಪ್ಪ" ಎನ್ನುವುದು ನೋಡುವವರಿಗೆ ನಗೆಪಾಟಲೇ ಸರಿ. ನನ್ನ ಮಗಳಿಗೆ ನಾನು ಹೀಗೆ ಒಂದು ದಿನವೂ ಉಣಿಸಿದವನಲ್ಲ. ಇದನ್ನು ನಾನು ಮರೆತರೂ ನನ್ನ ಹೆಂಡತಿ ಪಾರ್ವತಮ್ಮ ಮರೆಯಗೊಡುವುದಿಲ್ಲ. ಮಿಡಿಗೇಶಿಯಲ್ಲಿ ಗಂಡನ ಮನೆಯಲ್ಲಿರುವ ಮಗಳು ಬಂದಾಗಲೆಲ್ಲ ಇಬ್ಬರೂ ಸೇರಿ ನನ್ನನ್ನು ಬೆಕ್ಕಿನ ತಾಯಿ ಎಂದು ಕರೆಯುತ್ತಾರೆ.

ಬೆಕ್ಕಿನ ಹೆಸರು ದಫೇದಾರ. ಮೈಯೆಲ್ಲ ಮಸಿಗಪ್ಪು, ಎಡ ಭುಜದಿಂದ ಎದೆಯ ಮೇಲೆ ಓರೆಯಾಗಿ ಇಳಿದ ಒಂದೇ ಒಂದು ಬಿಳಿ ಪಟ್ಟೆ. ಮಧುಗಿರಿಯ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಎದೆಗೆ ಅಡ್ಡಲಾಗಿ ಡವಾಲಿ ಪಟ್ಟಿ ಹಾಕಿಕೊಂಡು ನಿಲ್ಲುವ ದಫೇದಾರನನ್ನು ಕಂಡವರು ಬೇರೆ ಹೆಸರು ಇಡಲಾರರು. ಮರಿಯಾಗಿದ್ದಾಗಲೇ ಇವನು ಹೊಸ್ತಿಲ ಪಕ್ಕ ಕೂತು, ಬಂದವರನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡಿ, ಒಳಗೆ ಬಿಡಬಹುದೆಂದು ತೋರಿದ ಮೇಲೆ ಮುಖ ತಿರುಗಿಸುತ್ತಿದ್ದ. ನಮ್ಮ ಇನ್‌ಸ್ಪೆಕ್ಟರು ಒಮ್ಮೆ ಮನೆಗೆ ಬಂದಾಗ ಅವರ ಬೂಟ್ಸನ್ನು ಇವನು ಮೂಸಿ ನೋಡಿದ ರೀತಿಗೆ ನಾನೇ ಬೆವತುಹೋದೆ.

ಕೆಲಸದಲ್ಲಿ ಮಾತ್ರ ಒಂದು ಮಾತು ಆಡುವ ಹಾಗಿರಲಿಲ್ಲ. ಪುರವರದ ಹೊಲದಿಂದ ನಮ್ಮ ಪಾಲಿನ ರಾಗಿ, ಹುರುಳಿ, ಕಡಲೆಕಾಯಿ ಬಂದು ಅಟ್ಟಕ್ಕೆ ಏರುತ್ತದೆ. ಅದರ ಹಿಂದೆಯೇ ಇಲಿಗಳೂ ಏರುತ್ತವೆ. ದಫೇದಾರ ಅವುಗಳನ್ನು ಹಿಡಿದು, ತಿನ್ನುವ ಮೊದಲು ಪಾರ್ವತಮ್ಮನಿಗೆ ತೋರಿಸುವುದು ವಾಡಿಕೆ. ನಾವು ಲಿಂಗವಂತರು, ನಮ್ಮ ಅಡುಗೆಮನೆಯ ಬಾಗಿಲಲ್ಲಿ ಈ ಪ್ರದರ್ಶನ ನಡೆಯುವುದು ಅವಳಿಗೆ ಹಿಡಿಸುತ್ತಿರಲಿಲ್ಲ. ಆದರೂ "ಆಯ್ತು ಕಣಪ್ಪ, ನೋಡ್ದೆ, ಹಿತ್ತಿಲಿಗೆ ಹೋಗು" ಎಂದು ರುಜು ಹಾಕಿದ ಹಾಗೆ ಹೇಳಿ ಕಳಿಸುತ್ತಿದ್ದಳು.

ವಯಸ್ಸು ಎಂಬುದು ಇವನಿಗೆ ಯಾವ ದಿನ ಬಂತು ಎಂದು ನನಗೆ ತಿಳಿಯದು. ನನಗೆ ಬಂದದ್ದೂ ತಿಳಿಯಲಿಲ್ಲ. ಚಾಳೀಸು ಕನ್ನಡಕ ಹಾಕಿಕೊಳ್ಳಿ ಎಂದು ಯಾರೋ ಹೇಳಿದ ಮೇಲೆ ಗೊತ್ತಾಯಿತು. ದಫೇದಾರ ಒಂದು ದಿನ ಅಟ್ಟಕ್ಕೆ ಹಾರಲು ಹೋಗಿ, ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿದವನಂತೆ ಮಜ್ಜಿಗೆ ಗಡಿಗೆಯ ಮೇಲೆ ಬಿದ್ದ. ಬಿದ್ದವನು ಎದ್ದು, ಇದೇ ತನ್ನ ಉದ್ದೇಶವಾಗಿತ್ತು ಎಂಬಂತೆ ಮೀಸೆ ನೆಕ್ಕಿಕೊಳ್ಳುತ್ತ ಹೊರಟುಹೋದ. ಆಮೇಲೆ ಹಲ್ಲುಗಳು ಒಂದೊಂದಾಗಿ ಉದುರಿದವು. ಕಸ ಗುಡಿಸುವಾಗ ಪಾರ್ವತಮ್ಮನಿಗೆ ಒಂದು ಸಿಕ್ಕಿತು. ಎಸೆಯಲು ಮನಸ್ಸಾಗದೆ ಅದನ್ನು ತುಳಸಿಕಟ್ಟೆಯ ಮಣ್ಣಿನಲ್ಲಿ ಹೂತಳು. ನನ್ನ ದವಡೆ ಹಲ್ಲು ಬಿದ್ದಾಗ ಸೂರಿನ ಮೇಲೆ ಎಸೆದಿದ್ದಳು.

ಎಲ್ಲಕ್ಕಿಂತ ನನಗೆ ದುಃಖವಾದದ್ದು ಅವನು ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟಾಗ. ಸಂಸ್ಕೃತದಲ್ಲಿ ಬೆಕ್ಕನ್ನು ಮಾರ್ಜಾಲ ಎನ್ನುತ್ತಾರೆ. ಒರೆಸು, ತೊಳೆ ಎಂಬ ಅರ್ಥದ ಧಾತುವಿನಿಂದ ಬಂದ ಹೆಸರು. ಸದಾ ತನ್ನನ್ನು ತಾನು ಚೊಕ್ಕಟ ಮಾಡಿಕೊಳ್ಳುವ ಪ್ರಾಣಿ ಎಂದು ಅರ್ಥ ಹೇಳುತ್ತಾರೆ. ಹುಡುಗರಿಗೆ ಇದನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ಆ ಹೆಸರಿಗೆ ಕಾರಣವಾದ ಕೆಲಸವನ್ನೇ ಮಾಡಲಾರದೆ, ಬೆನ್ನಿನ ತನಕ ಕತ್ತು ಹೊರಳದೆ ಸುಮ್ಮನೆ ಗೋಡೆ ನೋಡುತ್ತ ಕೂತ ಬೆಕ್ಕನ್ನು ಏನೆಂದು ಕರೆಯಬೇಕು? ಯಾವ ಕೋಶದಲ್ಲೂ ಇಲ್ಲ. ಪಾರ್ವತಮ್ಮ ಕೋಶ ನೋಡುವವಳಲ್ಲ. ಹಳೆಯ ಸೀರೆಯ ತುಂಡನ್ನು ಬಿಸಿನೀರಿನಲ್ಲಿ ಹಿಂಡಿ, ಅವನನ್ನು ಮಡಿಲಲ್ಲಿ ಹಾಕಿಕೊಂಡು, ಕಿವಿಯಿಂದ ಬಾಲದ ತನಕ ಒರೆಸಿದಳು. ಅವನು ಕಣ್ಣು ಮುಚ್ಚಿ ಗುರುಗುಟ್ಟಿದ. ಅವತ್ತಿನಿಂದ ಒರೆಸುವ ಕೆಲಸ ಅವಳದು, ಕಿವುಚುವ ಕೆಲಸ ನನ್ನದು.

ದಫೇದಾರನಿಗೆ ಇನ್ನೊಂದು ಮನೆಯೂ ಇತ್ತು. ಹಿತ್ತಿಲ ಗೋಡೆಯ ಆಚೆ ಸಿರಾದಿಂದ ಬಂದು ನೆಲೆಸಿದ ಖಾದರ್ ಸಾಹೇಬರು; ಪೇಟೆಯಲ್ಲಿ ಬಳೆಯಂಗಡಿ. ನಮ್ಮ ಮನೆಯ ಹಾಲನ್ನ ಉಂಡು ಗೋಡೆ ಹಾರಿದರೆ ಅಲ್ಲಿ ಇವನಿಗೆ ಬೇರೆ ರುಚಿಯ ಊಟ. ಎರಡು ಮತಗಳನ್ನೂ ಇಷ್ಟು ಸಲೀಸಾಗಿ ನಡೆಸಿಕೊಂಡು ಬಂದ ಇನ್ನೊಬ್ಬನನ್ನು ನಾನು ಕಂಡಿಲ್ಲ. ಪಾರ್ವತಮ್ಮನಿಗೆ ಇದು ಗೊತ್ತೇ ಎಂದರೆ ಗೊತ್ತು, ನೋಡಿದ್ದಾಳೆಯೇ ಎಂದರೆ ಇಲ್ಲ. ಹಾರುವ ಶಕ್ತಿ ಹೋದ ಮೇಲೆ ಅವನು ಗೋಡೆಯ ಬುಡದಲ್ಲಿ ನಿಂತು ಮೇಲೆ ನೋಡುತ್ತ ಕೂಗತೊಡಗಿದ. ಕೆಲವು ದಿನ ಕಳೆದು ನೋಡಿದರೆ ಗೋಡೆಗೆ ಒರಗಿಸಿ ಕಲ್ಲುಗಳನ್ನು ಮೆಟ್ಟಿಲ ಹಾಗೆ ಜೋಡಿಸಿದೆ. ಯಾರು ಇಟ್ಟರೆಂದು ಪಾರ್ವತಮ್ಮನನ್ನು ಕೇಳಿದೆ. "ಬಟ್ಟೆ ಒಗಿಯಕ್ಕೆ ಇಟ್ಕಂಡಿದ್ದೀನಿ, ನಿಮಗೇನು?" ಎಂದಳು. ಆ ಕಲ್ಲಿನ ಮೇಲೆ ಒಂದು ಬಟ್ಟೆಯೂ ಇದುವರೆಗೆ ಒದ್ದೆಯಾಗಿಲ್ಲ.

ಹೀಗೆ ನಡೆದಿರುವಾಗ ಪುರವರದಿಂದ ನಮ್ಮ ಚಿಕ್ಕಪ್ಪ ಬಂದರು. ಹೊಲ ನೋಡಿಕೊಳ್ಳುವವರು ಅವರೇ. ಕಡಲೆಕಾಯಿ ಚೀಲ ಇಡಲು ಅಟ್ಟ ಹತ್ತಿದವರು ಹಳೆಯ ಚೀಲದ ತಳ ತೂತಾಗಿ ಸಿಪ್ಪೆ ಮಾತ್ರ ಉಳಿದಿರುವುದನ್ನು ಕಂಡರು. ಕೆಳಗಿಳಿದಾಗ ನಾನು ಒಲೆಯ ಮುಂದೆ ಅನ್ನ ಕಿವುಚುತ್ತಿದ್ದೆ.

"ಏನ್ಲಾ ಸಿದ್ಲಿಂಗ, ಮುದಿ ಬೆಕ್ಕಿಗೆ ಬಾಣಂತನ ಮಾಡ್ತಾ ಕುಂತಿದ್ದೀಯಲ್ಲಾ! ಇಲಿ ಹಿಡೀದ್ ಬೆಕ್ಕು ಮನೇಲ್ ಯಾಕ್ಲಾ? ಗೋಣಿಚೀಲಕ್ಕೆ ಆಕ್ಬುಡು. ಸಂತೆ ದಿನ ಹೊಳವನಳ್ಳಿಗೆ ಗಾಡಿ ಕಟ್ತೀನಿ, ಹೊಳೆ ದಾಟಿಸಿ ಬುಟ್ಬುಡಾನ" ಎಂದರು.

ಚಿಕ್ಕಪ್ಪ ಕ್ರೂರಿಯಲ್ಲ. ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಹೇಳಿದರು. ಬೆಕ್ಕನ್ನು ಕೊಂದರೆ ಪಾಪ. ಅದಕ್ಕೆ ಪ್ರಾಯಶ್ಚಿತ್ತವಾಗಿ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕಂತೆ. ಆದ್ದರಿಂದ ಕೊಲ್ಲುವುದಿಲ್ಲ, ದಾಟಿಸುತ್ತಾರೆ. ಚೀಲದ ಬಾಯಿ ಕಟ್ಟಿ, ದಾರಿ ಮರೆಯಲೆಂದು ಊರ ಬಾಗಿಲಲ್ಲಿ ಅದನ್ನು ಗಿರಗಿರ ತಿರುಗಿಸಿ, ನೀರಿನಾಚೆ ಒಯ್ದು ಬಿಚ್ಚುತ್ತಾರೆ. ಆಚೆ ದಡದಲ್ಲಿ ಆ ಬೆಕ್ಕು ಏನಾಯಿತು ಎಂಬುದು ಆಚೆ ದಡದವರ ವಿಚಾರ. ನಾನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. "ಸಂತೆ ಬರಲಿ, ನೋಡಾನ" ಎಂದೆ. ಮೇಷ್ಟ್ರುಗಳಿಗೆ ಇಂಥ ಮಾತು ಬಲು ಬೇಗ ಬರುತ್ತದೆ. ಪಾರ್ವತಮ್ಮ ಮಡಿಲಲ್ಲಿದ್ದ ದಫೇದಾರನನ್ನು ಒರೆಸುತ್ತಲೇ ಇದ್ದಳು. ಮೈ ಒಣಗಿ ಎಷ್ಟೋ ಹೊತ್ತಾಗಿತ್ತು.

ಸಂತೆ ಬರುವುದಕ್ಕೆ ಮುಂಚೆ ಇನ್ನೊಂದು ಬಂತು. ಒಂದು ಬೆಳಿಗ್ಗೆ ಕಸ ಗುಡಿಸುತ್ತಿದ್ದ ಪಾರ್ವತಮ್ಮ ಚೀರಿಕೊಂಡಳು. ಓಡಿಹೋಗಿ ನೋಡಿದೆ. ನನ್ನ ಹಾಸಿಗೆಯ ಕಾಲ ದೆಸೆಯಲ್ಲಿ ಒಂದು ಸತ್ತ ಇಲಿ.

ಮನೆಯಲ್ಲಿ ಇಲಿ ಬಿತ್ತು ಎಂದರೆ ಏನರ್ಥವೆಂದು ನಮ್ಮ ಕಾಲದವರಿಗೆ ವಿವರಿಸಬೇಕಾಗಿಲ್ಲ. ಪ್ಲೇಗು ಮೊದಲು ಇಲಿಗೆ ಬರುತ್ತದೆ, ಆಮೇಲೆ ಮನುಷ್ಯನಿಗೆ. ಇಲಿ ಬಿದ್ದ ಮನೆಯಲ್ಲಿ ಹೊತ್ತು ಮುಳುಗುವ ತನಕ ಇರಬಾರದು. ಆದರೆ ಬೆಕ್ಕು ಹಿಡಿದ ಇಲಿಗೆ ಊರು ಬಿಟ್ಟು ಓಡುವುದು ಮೂರ್ಖತನವಲ್ಲವೇ? ಅದಕ್ಕಾಗಿ ಒಂದು ಪರೀಕ್ಷೆಯನ್ನು ಜನವೇ ಕಂಡುಕೊಂಡಿದ್ದರು: ಮೈಮೇಲೆ ಹಲ್ಲಿನ ಗಾಯವಿದ್ದರೆ ಬೆಕ್ಕಿನ ಬೇಟೆ, ಗಾಯವಿಲ್ಲದಿದ್ದರೆ ತಾನಾಗಿ ಬಿದ್ದದ್ದು. ನಾನು ಕಡ್ಡಿಯಿಂದ ಆ ಇಲಿಯನ್ನು ಹೊರಳಿಸಿ ಹೊರಳಿಸಿ ನೋಡಿದೆ. ಕತ್ತಿನ ಹತ್ತಿರ ಕೂದಲು ಸ್ವಲ್ಪ ತೇವವಾಗಿ ಅಂಟಿಕೊಂಡಿತ್ತು, ಅಷ್ಟೆ. ಗಾಯವಿಲ್ಲ, ರಕ್ತವಿಲ್ಲ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಬೆಟ್ಟದ ಮೇಲಿನ ಹೊಗೆ ಕಂಡು ಬೆಂಕಿಯನ್ನು ಊಹಿಸುವ ತರ್ಕವನ್ನು ಮಕ್ಕಳಿಗೆ ಕಲಿಸುವವನು ನಾನೇ ಆದ್ದರಿಂದ, ತೀರ್ಪು ನನ್ನದಾಯಿತು.

"ಹಲ್ಲಿನ ಗುರುತಿಲ್ಲ. ತಾನಾಗೇ ಬಿದ್ದದ್ದು" ಎಂದೆ.

ಯಾರೂ ಮರುಪ್ರಶ್ನೆ ಹಾಕಲಿಲ್ಲ. ಇಲಿಯನ್ನು ಸೀಮೆಎಣ್ಣೆ ಹಾಕಿ ಸುಟ್ಟರು. ಬಿಸಿಲು ಏರುವಷ್ಟರಲ್ಲಿ ನಮ್ಮ ಬೀದಿಯ ಮನೆಗಳ ಮುಂದೆಲ್ಲ ಗಾಡಿಗಳು. ಬೆಳಕು ಬಿದ್ದರೆ ರೋಗ ಸಾಯುತ್ತದೆಂದು ಗಂಡಸರು ಮಾಡು ಹತ್ತಿ ಹೆಂಚು ತೆಗೆದರು. ಸುದ್ದಿ ಕೇಳಿ ಚಿಕ್ಕಪ್ಪನೂ ಗಾಡಿ ಕಟ್ಟಿಕೊಂಡು ಬಂದರು. ಪಾತ್ರೆ, ಹಾಸಿಗೆ, ರಾಗಿ ಎಲ್ಲ ಏರಿದ ಮೇಲೆ ಪಾರ್ವತಮ್ಮ ಒಂದು ಮಂಕರಿ ಬುಟ್ಟಿಯಲ್ಲಿ ದಫೇದಾರನನ್ನು ಕೂರಿಸಿಕೊಂಡು ಹೊರಗೆ ಬಂದಳು.

"ಅದ್ಯಾಕವ್ವ? ಇಲಿ ಬಿದ್ದ ಮನೆ ಬೆಕ್ಕು ಅದು. ಅಲ್ಲೇ ಬುಟ್ಟು ಬಾ. ಚೀಲದ ಕೆಲ್ಸಾನೂ ತಪ್ಪೋಯ್ತದೆ" ಎಂದರು ಚಿಕ್ಕಪ್ಪ.

ಬೀದಿಯಲ್ಲಿ ಅದಕ್ಕೆ ಒಪ್ಪದವರಿರಲಿಲ್ಲ. ನಾನು ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಹೇಳುವ ಮೊದಲೇ ಅವಳು ಮಂಕರಿಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟಳು. "ಅವನು ಬರ್ದಿದ್ರೆ ನಾನೂ ಬರಕ್ಕಿಲ್ಲ ಮಾವ. ಮನೆ ಬುಟ್ಟು ಹೋಗೋರು ಮನೇಲಿರೋರ್ನೆಲ್ಲ ಕರ್ಕಂಡು ಹೋಗ್ಬೇಕು" ಎಂದಳು. ದನಿ ಎತ್ತಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದ ನನಗೆ ಆ ದನಿಯ ಅರ್ಥ ಚೆನ್ನಾಗಿ ಗೊತ್ತು. ಆ ದನಿ ಹೊರಟ ಮೇಲೆ ಕಲ್ಲುಕಂಬ ಅಲುಗಾಡಿಸಬಹುದು, ಅವಳನ್ನು ಅಲುಗಾಡಿಸಲಾಗದು.

ಆಗ ಆಚೆ ಗಾಡಿಯಿಂದ ಖಾದರ್ ಸಾಹೇಬರು ಇಳಿದು ಬಂದರು. "ಆ ಮಂಕರಿ ನನ್ನ ಗಾಡೀಲಿ ಇಡಿ ಮೇಷ್ಟ್ರೇ. ಬಿಲ್ಲಿ ಇದ್ರೆ ಬರ್ಕತ್, ಮನೆಗೆ ಒಳ್ಳೇದು. ನಮ್ಮ ಮುನ್ನಿ ಮಡಿಲಲ್ಲಿ ಕೂತ್ಕೊಂಡು ಬರ್ಲಿ" ಎಂದು ಮಂಕರಿಯನ್ನು ತಾವೇ ಎತ್ತಿಕೊಂಡರು. ಮುನ್ನಿ ಅವರ ಮೊಮ್ಮಗಳು, ಬಳೆಯಂಗಡಿಯ ಒಡಕು ಬಳೆಗಳನ್ನೆಲ್ಲ ಕೂಡಿಟ್ಟುಕೊಂಡು ಆಡುವ ಪುಟ್ಟ ಹುಡುಗಿ. ದಫೇದಾರನ ಮುಖ ಮಂಕರಿಯಿಂದ ಮೇಲೆದ್ದು, ಸಾಗುತ್ತಿರುವ ಬೀದಿಯನ್ನೆಲ್ಲ ಪರಿಶೀಲಿಸುತ್ತ ಹೋಯಿತು.

ಗಾಡಿಯ ಹಿಂದೆ ನಡೆಯುತ್ತ ನನಗೆ ಒಂದು ಪಾಂಡಿತ್ಯದ ಯೋಚನೆ ಬಂತು. ಇಂಥ ಹೊತ್ತಿನಲ್ಲೂ ಬಂತಲ್ಲ ಎಂದರೆ, ಭಯಪಟ್ಟಾಗಲೇ ನನಗೆ ಹೆಚ್ಚು ಬರುವುದು. ಭಕ್ತ ದೇವರನ್ನು ಹೇಗೆ ಸೇರುತ್ತಾನೆ ಎಂಬುದರಲ್ಲಿ ವೈಷ್ಣವ ಪಂಡಿತರಿಗೆ ಒಂದು ಹಳೆಯ ಜಗಳವಿದೆ. ಕೋತಿಮರಿ ತಾಯಿಯನ್ನು ತಾನೇ ಅವಚಿಕೊಂಡಿರುತ್ತದೆ. ಬೆಕ್ಕಿನ ಮರಿ ಸುಮ್ಮನಿರುತ್ತದೆ, ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ಯಾವುದು ಸರಿ? ನಾವು ಶೈವರು ಆ ಜಗಳಕ್ಕೆ ಹೋಗುವುದಿಲ್ಲ. ಆದರೆ ನನಗೆ ತೋರಿದ್ದು, ಎರಡು ಪಕ್ಷದವರೂ ಮರಿಗಳ ಮಾತನ್ನೇ ಆಡಿದರು. ಮುದಿ ಬೆಕ್ಕನ್ನು ಯಾರು ಒಯ್ಯಬೇಕು ಎಂದು ಯಾವ ಆಚಾರ್ಯರೂ ಬರೆದಿಡಲಿಲ್ಲ. ಪಾಪ, ಅವರ ಮನೆಗಳಲ್ಲಿ ಪಾರ್ವತಮ್ಮ ಇರಲಿಲ್ಲವೋ ಏನೋ.

ಊರಾಚೆ, ಕಡಲೆಕಾಯಿ ಕಿತ್ತ ಹೊಲದಲ್ಲಿ ತಡಿಕೆ ಕಟ್ಟಿ ಷೆಡ್ಡು ಹಾಕಿಕೊಂಡೆವು. ಹೊಸ ಜಾಗದಲ್ಲಿ ಬೆಕ್ಕು ನಿಲ್ಲಬೇಕಾದರೆ ಅದನ್ನು ಒಲೆಯ ಸುತ್ತ ಸುತ್ತಿಸಬೇಕೆಂದು ಪಾರ್ವತಮ್ಮನ ತಾಯಿಮನೆಯ ಪದ್ಧತಿ. ಮೂರು ಕಲ್ಲಿಟ್ಟು ಮಾಡಿದ ಒಲೆಯ ಸುತ್ತ ದಫೇದಾರನನ್ನು ಎತ್ತಿಕೊಂಡು ಪ್ರದಕ್ಷಿಣೆ ಬಂದಳು. ಓಡಿಹೋಗಲು ಅವನಿಗೆ ಕಾಲಿನಲ್ಲಿ ಬಲವಿದ್ದರಲ್ಲವೇ ಎಂದು ನಾನು ಹೇಳಲಿಲ್ಲ. ಸದ್ಯ, ಹೇಳದೆ ಇದ್ದದ್ದು ಒಳ್ಳೆಯದಾಯಿತು. ಎಳೆಬಿಸಿಲಲ್ಲಿ ಕೂತು ಕೂತು ಅವನಿಗೆ ಹೊಸ ಜೀವ ಬಂತು. ಅಟ್ಟವಿಲ್ಲ, ಗೋಡೆಯಿಲ್ಲ, ಹಾರಬೇಕಾದ್ದು ಏನೂ ಇಲ್ಲ. ಹೊಲದ ಬದುವಿನ ಮೇಲೆ ನಿಧಾನವಾಗಿ ಓಡಾಡಿ ಬರುತ್ತಿದ್ದ.

ಮನುಷ್ಯರು ಮಾತ್ರ ಹೆದರಿಕೆಯಲ್ಲಿ ಒಣಗುತ್ತಿದ್ದರು. ಬೆಳಗಾಗೆದ್ದರೆ ಎಲ್ಲರೂ ಪ್ಲೇಗಿನ ಗಂಟು ಎದ್ದಿದೆಯೋ ಎಂದು ಕಂಕುಳು, ತೊಡೆಸಂದು ಮುಟ್ಟಿ ನೋಡಿಕೊಳ್ಳುವುದೇ ಕೆಲಸ. ಯಾರಾದರೂ ಸೀನಿದರೆ ಪಕ್ಕದ ಷೆಡ್ಡಿನಲ್ಲಿ ಮಾತು ನಿಲ್ಲುತ್ತಿತ್ತು. ಹಾಗಿರುವಾಗ ಮುನ್ನಿಗೆ ಮೈ ಬಿಸಿಯಾಯಿತು. ಖಾದರ್ ಸಾಹೇಬರ ಷೆಡ್ಡಿನ ಕಡೆ ಜನ ಹೋಗುವುದನ್ನು ಬಿಟ್ಟರು. ಬೆಕ್ಕನ್ನು ಮಡಿಲಲ್ಲಿ ಇಟ್ಟುಕೊಂಡು ಬಂದ ಮಗುವಲ್ಲವೇ ಎಂದು ಒಬ್ಬರು ಅಂದರು. ಅದು ಎಲ್ಲರ ಬಾಯಿಗೂ ಬಂತು. ಬೆಕ್ಕನ್ನು ಹೊಡೆದೋಡಿಸಬೇಕೆಂದು ಇಬ್ಬರು ಮೂವರು ಬಂದು ನನ್ನನ್ನು ಕೇಳಿದರು. ಪಾರ್ವತಮ್ಮ ಮುನ್ನಿಯ ಹಣೆಗೆ ಒದ್ದೆ ಬಟ್ಟೆ ಹಾಕಲು ಹೋಗಿ ಬಂದು, ಸುಮ್ಮನೆ ಒಲೆಯ ಮುಂದೆ ಕೂರುತ್ತಿದ್ದಳು. "ಆ ಮಗೀಗೇನಾರ ಆದ್ರೆ ನಾನು ಮಂಕರಿ ತಂದಿದ್ದೇ ತಪ್ಪಾಯ್ತದೆ ಕಣ್ರೀ" ಎಂದಳು. ಅವಳು ಅಳುವುದನ್ನು ನಾನು ಅಪರೂಪಕ್ಕೆ ಕಂಡವನು.

ಮಾರನೆಯ ದಿನ ಹೊತ್ತು ನೆತ್ತಿಗೇರುವ ಮುಂಚೆ, ಬದುವಿನ ಕಡೆಯಿಂದ ದಫೇದಾರ ಬಂದ. ನಡಿಗೆಯಲ್ಲಿ ಹಿಂದಿನ ಗತ್ತು. ಬಾಯಲ್ಲಿ ಏನೋ ನೇತಾಡುತ್ತಿತ್ತು. ನೇರವಾಗಿ ಪಾರ್ವತಮ್ಮನ ಮುಂದೆ ಹೋಗಿ ಅದನ್ನು ಕೆಳಗಿಟ್ಟು, ಕೂತು, ಅವಳ ಮುಖ ನೋಡಿದ. ಹೊಲದಿಲಿ. ಸತ್ತಿತ್ತು. ಅವಳು ಬಗ್ಗಿ ನೋಡಿದಳು; ಕಡ್ಡಿಯಿಂದ ಹೊರಳಿಸಿದಳು. ಕತ್ತಿನ ಹತ್ತಿರ ಕೂದಲು ತೇವವಾಗಿ ಅಂಟಿಕೊಂಡಿತ್ತು. ಗಾಯವಿಲ್ಲ, ರಕ್ತವಿಲ್ಲ.

ಅವಳು ನನ್ನ ಕಡೆ ತಿರುಗಿದಳು. "ಏನೂಂದ್ರೆ, ಹಲ್ಲಿನ ಗುರುತು ಎಲ್ಲಿಂದ ಬರಬೇಕು? ಇವನಿಗೆ ಹಲ್ಲೆಲ್ಲಿವೆ?"

ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ. ಆ ಹಲ್ಲಿಲ್ಲದ ಬಾಯಿಗೆಂದು ದಿನಾ ಅನ್ನ ಕಿವುಚಿದ ಬೆರಳುಗಳೇ ಅಂದು ಕಡ್ಡಿ ಹಿಡಿದು ಇಲಿಯ ಮೈಮೇಲೆ ಹಲ್ಲಿನ ಗುರುತು ಹುಡುಕಿದ್ದವು! ಒಂದು ಬೀದಿಯ ಹೆಂಚು ತೆಗೆಸಿ, ಮುದುಕರು ಮಕ್ಕಳನ್ನೆಲ್ಲ ಹೊಲಕ್ಕೆ ತಂದು ಮಲಗಿಸಿದ ನನ್ನ ತರ್ಕಶಾಸ್ತ್ರಕ್ಕೆ ಅಡ್ಡಬಿದ್ದೆ. ಮಧುಗಿರಿಯಲ್ಲಿ ಪ್ಲೇಗಿಗೆ ಹೆದರಿ ಓಡಿದವರು ಬೇಕಾದಷ್ಟು ಜನ. ಬೆಕ್ಕಿನ ಬೊಚ್ಚುಬಾಯಿಗೆ ಹೆದರಿ ಓಡಿದವರು ನಾವೇ ಇರಬೇಕು.

ಪಾರ್ವತಮ್ಮ ಆ ಇಲಿಯ ಬಾಲ ಹಿಡಿದು ಎತ್ತಿಕೊಂಡು ಹೊರಟೇಬಿಟ್ಟಳು. ಜೀವಮಾನದಲ್ಲಿ ಇಲಿ ಮುಟ್ಟದವಳು. ಮೊದಲು ಹೋದದ್ದು ಖಾದರ್ ಸಾಹೇಬರ ಷೆಡ್ಡಿಗೆ. "ಸಾಹೇಬ್ರೇ, ಪ್ಲೇಗಿಲ್ಲ! ಅವತ್ತಿನ ಇಲೀನೂ ನಮ್ ದಫೇದಾರನೇ ಹಿಡಿದಿದ್ದು. ಇಲ್ನೋಡಿ, ಹಲ್ಲಿಲ್ದೆ ಬಾಯಲ್ಲಿ ಅದುಮಿ ಅದುಮಿ ಸಾಯ್ಸವ್ನೆ. ಮಗೀಗೆ ಬರೀ ಜ್ವರ ಕಣ್ರೀ, ಬರೀ ಜ್ವರ!" ಎಂದಳು. ಖಾದರ್ ಸಾಹೇಬರು ಇಲಿಯನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ನೆಲದ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೆರಳ ಸಂದಿಯಿಂದ ನಗುವೋ ಅಳುವೋ ತಿಳಿಯದ ಒಂದು ಸದ್ದು ಬಂತು.

ಬೀದಿಯವರು ನನ್ನ ಮೇಲೆ ಬೀಳುತ್ತಾರೆಂದು ನಾನು ಷೆಡ್ಡಿನ ಒಳಗೆ ಸರಿದಿದ್ದೆ. ಯಾರೂ ಬೀಳಲಿಲ್ಲ. ಸಾಯುತ್ತೇವೆ ಎಂದುಕೊಂಡಿದ್ದವರಿಗೆ ಸಾಯುವುದಿಲ್ಲ ಎಂದು ತಿಳಿದಾಗ ಜಗಳಕ್ಕೆ ಮನಸ್ಸು ಬರುವುದಿಲ್ಲ. ಹೆಂಗಸರು ಬಂದು ದಫೇದಾರನ ಬಾಯಿ ತೆರೆಸಿ ನೋಡಿ ನಕ್ಕರು. ಹೊಡೆದೋಡಿಸಿ ಎಂದವರ ಮನೆಯಿಂದಲೇ ಮೊದಲು ಹಾಲು ಬಂತು. ಎರಡು ದಿನದಲ್ಲಿ ಮುನ್ನಿ ಬೆವತು, ಜ್ವರ ಇಳಿದು, ಹಸಿ ಕಡಲೆಕಾಯಿ ಬೇಕೆಂದು ಹಟ ಹಿಡಿದಳು. ಅದನ್ನು ತಿಂದೇ ಜ್ವರ ಬಂದಿದ್ದು ಎಂದು ಅವಳ ಅಜ್ಜಿಯ ವಾದ.

ಸಾಮಾನು ವಾಪಸು ಸಾಗಿಸಲು ಗಾಡಿಯೊಂದಿಗೆ ಬಂದ ಚಿಕ್ಕಪ್ಪ ಕಥೆಯನ್ನೆಲ್ಲ ಕೇಳಿ ತೊಡೆ ತಟ್ಟಿಕೊಂಡರು. "ಭಲೇ ದಫೇದಾರ! ಇನ್ನೂ ಕಸುವೈತೆ ಕಣ್ಲಾ ಇವನ್ಗೆ. ಚೀಲದ ಮಾತು ಬುಟ್ಟಾಕು. ದುಡಿಯೋ ಬೆಕ್ಕು, ಮನೇಲೇ ಇರ್ಲಿ" ಎಂದರು. ನನಗೂ ಹೆಮ್ಮೆಯಾಯಿತು. ಕಷ್ಟ ಕಳೆಯಿತು, ಅವನ ಜಾಗ ಅವನಿಗೆ ಉಳಿಯಿತು ಎಂದುಕೊಂಡು ಪಾರ್ವತಮ್ಮನ ಕಡೆ ನೋಡಿದೆ. ಅವಳ ಮುಖದಲ್ಲಿ ಸಂತೋಷವಿರಲಿಲ್ಲ.

"ಅದಕ್ಕೇ ನನ್ನ ಹೊಟ್ಟೆ ಉರೀತೈತೆ ಮಾವ" ಎಂದಳು. "ನೀವಿಬ್ರೂ ಅವತ್ತು ಚೀಲ, ಹೊಳೆ ಅಂತ ಇವನ ಮುಂದೆಯೇ ಆಡಿದ್ರಿ. ಕೇಳಿಸ್ಕಂಡವ್ನೆ. ಹಲ್ಲಿಲ್ದೋನು, ಕಣ್ಣು ಮಬ್ಬಾದೋನು, ಈ ವಯಸ್ನಲ್ಲಿ ದುಡಿದು ತೋರಿಸ್ಬೇಕಾಯ್ತು. ಇಲಿ ಹಿಡೀದಿದ್ರೂ ಇವನು ನಮ್ಮನೆಯೋನೇ ಅಂತ ಇವನ್ಗೆ ಯಾರು ಹೇಳಿದ್ರಿ?"

ಬೆಕ್ಕಿಗೆ ಕನ್ನಡ ಅರ್ಥವಾಗುತ್ತದೆಯೇ ಇಲ್ಲವೇ ಎಂಬುದನ್ನು ನಾನು ತರ್ಕದಿಂದ ತೀರ್ಮಾನಿಸಲು ಹೋಗಲಿಲ್ಲ. ನನ್ನ ತರ್ಕಕ್ಕೆ ಆಗ ರಜೆ. ಚಿಕ್ಕಪ್ಪನೂ ಎತ್ತುಗಳ ಹಗ್ಗ ಬಿಗಿಮಾಡುವ ನೆಪದಲ್ಲಿ ಗಾಡಿಯ ಆಚೆ ಬದಿಗೆ ಹೋದರು. ದಾರಿಯಲ್ಲಿ ಯಾರೂ ಕೇಳುತ್ತಿಲ್ಲವೆಂದು ಖಚಿತ ಮಾಡಿಕೊಂಡು ನಾನು ಮಂಕರಿಯ ಹತ್ತಿರ ಬಗ್ಗಿದೆ. ಏನು ಹೇಳಿದೆನೆಂಬುದು ನಮ್ಮಿಬ್ಬರಿಗೆ ಸೇರಿದ್ದು. ಮೇಷ್ಟ್ರು ಬೆಕ್ಕಿಗೆ ಹೇಳಬಹುದಾದ ಮಾತಲ್ಲ ಅದು. ಅವನು ಕೇಳಿಸಿಕೊಂಡನೋ ಇಲ್ಲವೋ, ಮುಖ ಬೇರೆ ಕಡೆ ತಿರುಗಿಸಿದ.

ಮನೆಗೆ ಬಂದು ಹೆಂಚು ಹೊದಿಸಿ, ಸುಣ್ಣ ಬಳಿದು, ಎಲ್ಲ ಮೊದಲಿನಂತಾಯಿತು. ಅಟ್ಟಕ್ಕೆ ಹೊಸ ಚೀಲಗಳು ಏರಿದವು. ಪಾರ್ವತಮ್ಮ ಹೇಳಿದ್ದು ನನ್ನೊಳಗೆ ಕೊರೆಯುತ್ತಲೇ ಇತ್ತು. ಇವನು ಎಲ್ಲಿ ಮತ್ತೆ ಅಟ್ಟದ ಕಡೆ ನೋಡುತ್ತಾನೋ, ಎಲ್ಲಿ ಮತ್ತೊಂದು ಇಲಿ ತಂದು ನನ್ನ ಕಾಲ ಬಳಿ ಇಡುತ್ತಾನೋ ಎಂದು ದಿನಾ ಬೆಳಿಗ್ಗೆ ಹೆದರಿ ಹಾಸಿಗೆಯ ಕಾಲ ದೆಸೆಯಲ್ಲಿ ನೋಡುತ್ತಿದ್ದೆ. ಊರಿನವರೆಲ್ಲ ಪ್ಲೇಗಿಗೆ ಹೆದರಿ ಇಲಿ ಹುಡುಕಿದರೆ ನಾನು ಬೇರೆಯದಕ್ಕೆ ಹೆದರಿ ಹುಡುಕಿದೆ.

ಮೊನ್ನೆ ಭಾನುವಾರ ಮಧ್ಯಾಹ್ನ ಊಟವಾಗಿ ಚಾಪೆಯ ಮೇಲೆ ಕೂತಿದ್ದೆ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ತುಂಡಿನಲ್ಲಿ ದಫೇದಾರ ಮೈ ಚಾಚಿದ್ದ. ಅಟ್ಟದಿಂದ ಒಂದು ದಪ್ಪ ಇಲಿ ಇಳಿದು, ಯಾರ ಹಂಗೂ ಇಲ್ಲದೆ ನಡುಮನೆ ದಾಟಿ, ಅವನ ಮೀಸೆಯ ಮುಂದೆಯೇ ಹಾದುಹೋಯಿತು. ಇವನು ಏಳದಿದ್ದರೆ ಸಾಕು ಎಂದುಕೊಂಡೆ. ದಫೇದಾರ ಒಂದು ಕಣ್ಣು ತೆರೆದ. ಅದು ಹೋಗುವುದನ್ನು ಕೊನೆಯ ತನಕ ನೋಡಿದ. ಆಮೇಲೆ ಗಲ್ಲವನ್ನು ಪಂಜದ ಮೇಲೆ ಇಟ್ಟು ಕಣ್ಣು ಮುಚ್ಚಿಕೊಂಡ.

ಅಡುಗೆಮನೆಯಿಂದ ಇಣುಕಿ ಪಾರ್ವತಮ್ಮನೂ ಇದನ್ನು ನೋಡಿದ್ದಳು. ನಮ್ಮ ಕಡಲೆಕಾಯಿಯನ್ನು ತಿಂದು ಕೊಬ್ಬಿದ ಆ ಇಲಿ ಬಿಲ ಸೇರುವುದನ್ನು ನೋಡಿ ಗಂಡ ಹೆಂಡತಿ ಇಬ್ಬರೂ ಅಷ್ಟು ಸಂತೋಷಪಟ್ಟ ಮನೆ ಈ ಮೈಸೂರು ಸೀಮೆಯಲ್ಲಿ ಇನ್ನೊಂದು ಇರಲಾರದು.